ನಂಜನಗೂಡು–ತಿರುಮಕೂಡಲು ಸೀಮೆಯ ಕಲ್ಬರಹಗಳು

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಪ್ರಾಚೀನ ಚರಿತ್ರೆಗೆ ಮುಖ್ಯ ಆಧಾರವಾಗಿರುವವು ದೇವಾಲಯದ ಅಂಗಳ, ಕೆರೆಯ ಏರಿ, ಊರಬಾಗಿಲು ಮತ್ತು ಹೊಲದ ಬದುಗಳಲ್ಲಿ ನಿಂತ ಕಲ್ಲುಗಳೇ. ಗಂಗರ ರಾಜಧಾನಿಯಾಗಿದ್ದ ತಲಕಾಡು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಗಿ ರಾಜರಾಜಪುರವೆಂಬ ಹೆಸರು ಪಡೆದು, ಮುಂದಿನ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಕೈಸೇರಿ ಅವನಿಗೆ ‘ತಲಕಾಡುಗೊಂಡ’ನೆಂಬ ಬಿರುದನ್ನು ತಂದುಕೊಟ್ಟಿದ್ದರಿಂದ, ಈ ಸೀಮೆಯಲ್ಲಿ ಕನ್ನಡ ಶಾಸನಗಳ ಜೊತೆಗೆ ತಮಿಳು ಶಾಸನಗಳೂ ದೊರೆಯುತ್ತವೆ.

ಈ ಕಲ್ಲುಗಳಲ್ಲಿ ದಾನಶಾಸನಗಳದು ಮೊದಲ ವರ್ಗ. ಆಳುವ ಅರಸನ ಹೆಸರು, ಶಕವರ್ಷ ಮತ್ತು ತಿಥಿ, ದಾನಿ, ದಾನ ಪಡೆದವರು, ಭೂಮಿಯ ಚತುಸ್ಸೀಮೆ ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು ಇವುಗಳಲ್ಲಿ ಕ್ರಮವಾಗಿ ಬರುತ್ತವೆ. ದಾನವನ್ನು ಕೆಡಿಸಿದವರಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು, ಎಂದರೆ ಗೋವನ್ನು, ಕೊಂದ ಪಾಪ ತಟ್ಟಲೆಂಬ ಶಾಪಾಶಯದೊಂದಿಗೆ ಅನೇಕ ಶಾಸನಗಳು ಮುಗಿಯುತ್ತವೆ. ಶಿವಾಲಯಕ್ಕೆ ಬಿಟ್ಟ ಭೂಮಿಯ ಗಡಿಯಲ್ಲಿ ಲಿಂಗಮುದ್ರೆಯ ಕಲ್ಲನ್ನು ನೆಡುವುದು ರೂಢಿಯಾಗಿತ್ತು. ಎರಡನೆಯ ವರ್ಗವಾದ ವೀರಗಲ್ಲುಗಳು ತುರುಗೋಳಿನಲ್ಲಿ, ಅಂದರೆ ದನಗಳನ್ನು ಅಪಹರಿಸುವ ದಾಳಿಯಲ್ಲಿ, ಇಲ್ಲವೆ ಊರಿನ ರಕ್ಷಣೆಗಾಗಿ ಹೋರಾಡಿ ಮಡಿದವರ ಸ್ಮಾರಕಗಳು: ಇವುಗಳ ಕೆಳಪಟ್ಟಿಯಲ್ಲಿ ಕಾಳಗವೂ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರೂ, ಮೇಲೆ ದೇವಸನ್ನಿಧಿಯೂ ಸಾಮಾನ್ಯವಾಗಿ ಕೆತ್ತಲ್ಪಟ್ಟಿರುತ್ತವೆ. ಸಹಗಮನ ಮಾಡಿದ ಸ್ತ್ರೀಯರ ನೆನಪಿನ ಮಾಸ್ತಿಕಲ್ಲುಗಳು ಮೂರನೆಯ ವರ್ಗಕ್ಕೆ ಸೇರುತ್ತವೆ.

ಶಾಸನಕ್ಕೂ ಅದು ನಿಂತ ನೆಲಕ್ಕೂ ಇರುವ ನಂಟಿಗೆ ನರಸೀಪುರ ತಾಲ್ಲೂಕಿನ ಸೋಮನಾಥಪುರ ಉತ್ತಮ ನಿದರ್ಶನ. ಹೊಯ್ಸಳ ದೊರೆ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನಾಥನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು, ಅಂದರೆ ವಿದ್ವಾಂಸರಾದ ಬ್ರಾಹ್ಮಣರಿಗೆ ಬಿಟ್ಟ ಊರನ್ನು, ಸ್ಥಾಪಿಸಿ 1258ರಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದ ವೃತ್ತಾಂತವನ್ನು ಹೇಳುವ ಶಿಲಾಶಾಸನ ದೇಗುಲದ ಮಹಾದ್ವಾರದಲ್ಲಿಯೇ ಇದ್ದು, ಗೋಡೆಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಹೀಗೆ ಕಟ್ಟಿಸಿದವನ, ಕೆತ್ತಿದವನ ಮತ್ತು ಕಾಲದ ಮಾಹಿತಿ ಕಟ್ಟಡದಲ್ಲಿಯೇ ಉಳಿದಿರುವ ಈ ದೇವಾಲಯವು 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಇತ್ತೀಚಿನ ಶತಮಾನಗಳ ಒಡೆಯರ ಮನೆತನದ ಕೊಡುಗೆ ಎದ್ದುಕಾಣುತ್ತದೆ. ಅಲ್ಲಿನ ಏಳು ನೆಲೆಯ ಗೋಪುರವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು.

ಇಂಥ ಬರಹಗಳನ್ನು ಊರೂರು ತಿರುಗಿ ಸಂಗ್ರಹಿಸುವ ಕಾರ್ಯ ಶಾಸನತಜ್ಞ ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ ನಡೆದು, ಈ ಎರಡೂ ತಾಲ್ಲೂಕುಗಳ ಶಾಸನಗಳು 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಅಚ್ಚಾದವು, ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಪಾಠ ಅಚ್ಚಾಗಿದ್ದರೆ ಮೂಲಶಿಲೆಯ ಅಗತ್ಯ ತೀರಿತೆಂದು ಭಾವಿಸುವುದು ತಪ್ಪು. ಓದಿನಲ್ಲಿ ಸಂದೇಹ ಬಂದಾಗ ತಿದ್ದುಪಡಿಗೆ ಮೂಲವೇ ಬೇಕಾಗುತ್ತದೆ. ಗದ್ದೆಯ ಎಲ್ಲೆಯನ್ನು ಹೇಳುವ ಕಲ್ಲು ಬೇರೆಡೆಗೆ ಹೋದರೆ ಅದರಲ್ಲಿನ ಮೂಡಣ, ಪಡುವಣಗಳು ಯಾವ ನೆಲದವೆಂದು ಗುರುತಿಸುವುದು ಕಷ್ಟವಾಗುತ್ತದೆ.

ಆದ್ದರಿಂದ ಶಾಸನಗಳನ್ನು ಸಾಧ್ಯವಾದಷ್ಟೂ ಮೂಲಸ್ಥಳದಲ್ಲಿಯೇ ಉಳಿಸಿ, ಅವುಗಳ ಸಾರಾಂಶವನ್ನು ಇಂದಿನ ಕನ್ನಡದಲ್ಲಿ ಬರೆದ ಫಲಕವನ್ನು ಪಕ್ಕದಲ್ಲಿ ನಿಲ್ಲಿಸುವ ಹೊಣೆಯನ್ನು ಗ್ರಾಮ ಪಂಚಾಯಿತಿಗಳೂ ಶಾಲೆಗಳೂ ವಹಿಸಿಕೊಳ್ಳಬೇಕು. ರಸ್ತೆ, ಕಟ್ಟಡ ಅಥವಾ ದೇಗುಲದ ಜೀರ್ಣೋದ್ಧಾರಕ್ಕಾಗಿ ಅಗೆಯುವಾಗ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಚಪ್ಪಡಿಯಾಗಿ ಬಳಸದೆ, ಸುಣ್ಣ ಬಣ್ಣ ಬಳಿಯದೆ, ಪುರಾತತ್ತ್ವ ಇಲಾಖೆಗೆ ತಿಳಿಸುವುದು ಆ ಊರಿನ ಪ್ರತಿಯೊಬ್ಬರ ಕರ್ತವ್ಯವಾಗಿದೆ.