ತಪ್ಪುವುದು ಪಾಲಲ್ಲ, ತವರು

‘ಇವನಿಗೂ ನಮಗೂ ಸಂಬಂಧವಿಲ್ಲ’ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ ಎಲ್ಲ ಕಡಿದಂತೆ ಎಂದು ನಂಬುವವರನ್ನು ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ನಾನು ಕಂಡಿದ್ದೇನೆ. ಇತಿಹಾಸ ಬೇರೆ ಹೇಳುತ್ತದೆ.

ಹಿಂದೆ ಬ್ರಾಹ್ಮಣರಲ್ಲಿ ಬದುಕಿರುವವರಿಗೇ ಘಟಶ್ರಾದ್ಧ ಮಾಡಿ ಸತ್ತವರ ಲೆಕ್ಕಕ್ಕೆ ಸೇರಿಸುತ್ತಿದ್ದರು. ಜಾತಿ ಹೋದವರಿಗೆ ಪಾಲೂ ತಪ್ಪುತ್ತಿತ್ತು. ಜಾತಿಯಿಂದ ಹೊರಹಾಕಿದರೂ, ಮತ ಬದಲಿಸಿದರೂ ವಾರಸು ಹಕ್ಕು ಹೋಗದೆಂದು 1850ರ ಬ್ರಿಟಿಷ್ ಕಾಯ್ದೆ ಹೇಳಿತು. ಆಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲಕ್ಕೂ ಅದು ಅನ್ವಯಿಸಿತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಅಪ್ಪ ಸ್ವಯಾರ್ಜಿತವನ್ನು ಯಾರಿಗಾದರೂ ಉಯಿಲು ಬರೆಯಬಹುದು. ಪಿತ್ರಾರ್ಜಿತದಲ್ಲಿ ಮಗನಿಗೆ, 2005ರಿಂದ ಮಗಳಿಗೂ ಹುಟ್ಟಿನಿಂದ ಬಂದ ಪಾಲನ್ನು ಪ್ರಕಟಣೆ ಅಳಿಸದು.

ಹಾಗಾದರೆ ಪ್ರಕಟಣೆ ಯಾತಕ್ಕೆ? ಅವನ ಸಾಲಕ್ಕೆ ನಮ್ಮ ಬಾಗಿಲಿಗೆ ಬರಬೇಡಿ ಎನ್ನಲು, ಊರ ಮುಂದೆ ಮಾನ ಉಳಿಸಿಕೊಳ್ಳಲು. ಬೇರೆ ಜಾತಿಯವನನ್ನು ಮದುವೆಯಾದ ಮಗಳು ಅದರಿಂದ ಕಳೆದುಕೊಳ್ಳುವುದು ಪಾಲನ್ನಲ್ಲ, ತವರನ್ನು. ಅದನ್ನು ಯಾವ ಕೋರ್ಟೂ ಕೊಡಿಸಲಾರದು.