ಜಂತು

‘ನಾಯಿಮರಿಗೆ ಜಂತು ಆಗಿದೆ’ ಎಂದರೆ ನಮಗೆ ಹೊಟ್ಟೆಯ ಹುಳುವೇ ನೆನಪಾಗುತ್ತದೆ. ಸಂಸ್ಕೃತದಲ್ಲಿ ಈ ಪದದ ಹರಹು ದೊಡ್ಡದು. ‘ಜನ್’, ಅಂದರೆ ಹುಟ್ಟು ಎಂಬ ಧಾತುವಿನಿಂದ ಬಂದ ‘ಜಂತು’ವಿನಲ್ಲಿ ಹುಟ್ಟಿದ್ದೆಲ್ಲ ಸೇರುತ್ತದೆ; ಜನ, ಜನಕ, ಜನ್ಮ ಇದರ ಒಡಹುಟ್ಟುಗಳು. ‘ಜೀವಜಂತು’ ಎನ್ನುವಾಗ ಕನ್ನಡವೂ ಆ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಮನೆಮಾತಿನಲ್ಲಿ ಮಾತ್ರ ಅರ್ಥ ಕರುಳಿನೊಳಕ್ಕೆ ಇಳಿಯಿತು. ‘ಜಂತುಹುಳು’ವಿನ ಎರಡನೆಯ ಭಾಗ ಅಚ್ಚ ದ್ರಾವಿಡ: ಹಳಗನ್ನಡದ ‘ಪುೞು’ವೇ ಇಂದಿನ ‘ಹುಳು’, ತಮಿಳಿನಲ್ಲಿ ಅದು ಈಗಲೂ ಪಕಾರದ್ದೇ.

ಹುಟ್ಟಿಗೂ ಜಂತುವಿಗೂ ನಾಯಿಗಳಲ್ಲಿ ನಿಜವಾದ ನಂಟಿದೆ. ದುಂಡುಹುಳುವಿನ ಮರಿಗಳು ತಾಯಿಯ ಗರ್ಭದಲ್ಲೇ ಕೂಸನ್ನು ಸೇರುತ್ತವೆ. ಕೊಕ್ಕೆಹುಳು ಮೊಲೆಹಾಲಿನ ಮೂಲಕ ಬರುತ್ತದೆ. ಆದರೆ ಎಲ್ಲ ಹುಳುವೂ ಕಣ್ಣಿಗೆ ಬೀಳದು. ಲಾಡಿಹುಳುವಿನ ತುಂಡುಗಳು ಅಕ್ಕಿಕಾಳಿನಂತೆ ಬಾಲದ ಬುಡದಲ್ಲಿ ಅಂಟಿರುವುದು ಬರಿಗಣ್ಣಿಗೆ ಕಾಣುತ್ತದೆ. ಕೊಕ್ಕೆಹುಳು ಹಾಗಲ್ಲ. ಅದು ರಕ್ತ ಹೀರಿ ಮರಿಯ ಒಸಡು ಬಿಳಿಚಿದರೂ ಮಲದಲ್ಲಿ ಹುಳು ಕಾಣದು. ಆದ್ದರಿಂದ ವೈದ್ಯರು ಮಲವನ್ನು ಗಾಢವಾದ ಉಪ್ಪು ಅಥವಾ ಸಕ್ಕರೆ ದ್ರಾವಣದಲ್ಲಿ ಕದಡುತ್ತಾರೆ; ಹಗುರವಾದ ಮೊಟ್ಟೆಗಳು ಮೇಲೆ ತೇಲುತ್ತವೆ, ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹುಳು ಬಲಿತು ಮೊಟ್ಟೆಯಿಡುವ ಮುನ್ನ ಪರೀಕ್ಷಿಸಿದರೆ ಏನೂ ಸಿಗದು, ಎಳೆಮರಿ ಅಷ್ಟರಲ್ಲೇ ಸೊರಗಿರಬಹುದು. ಹೃದಯದ ಹುಳುವಿಗಂತೂ ರಕ್ತಪರೀಕ್ಷೆಯೇ ಬೇಕು.

‘ಹುಳು ಕಾಣಲಿಲ್ಲ, ಜಂತು ಇಲ್ಲ’ ಎಂದು ದಯವಿಟ್ಟು ತೀರ್ಮಾನಿಸಬೇಡಿ. ಆ ದಿನದ ಹಸಿ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ ಪಶುವೈದ್ಯರಿಗೆ ತಲುಪಿಸಿ.