ಕೋಠಿಯ ಬೀದಿಗೆ ಸುಲ್ತಾನನ ಹೆಸರು

ಹೈದರಾಬಾದಿಗೆ ಹೊಸದಾಗಿ ಬಂದ ಕನ್ನಡಿಗರು ಬಸ್ಸಿನ ಇಂಗ್ಲಿಷ್ ಫಲಕವನ್ನು ‘ಕೋಟಿ’ ಎಂದು ಓದಿ, ಇದು ಯಾರ ಕೋಟಿಯೋ ಎಂದು ಬೆರಗಾಗುವುದುಂಟು. ಅದು ಸಂಖ್ಯೆಯಲ್ಲ, ‘ಕೋಠಿ’, ಅಂದರೆ ಭವ್ಯವಾದ ಬಂಗಲೆ. ಆ ಬಂಗಲೆಯ ನೆರಳಿನಲ್ಲಿ ಬೆಳೆದ ಪೇಟೆಯೇ ಸುಲ್ತಾನ್ ಬಜಾರ್. ಅದರ ಮೊದಲ ಹೆಸರು ರೆಸಿಡೆನ್ಸಿ ಬಜಾರ್.

1798ರಿಂದ 1805ರವರೆಗೆ ಇಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಮೂಸಿ ನದಿಯ ಉತ್ತರದಲ್ಲಿ ಈ ಕೋಠಿಯ ನಿರ್ಮಾಣಕ್ಕೆ ಕಾರಣನಾದ. ಅದರ ಸುತ್ತ ಸಾಹುಕಾರರೂ ವ್ಯಾಪಾರಿಗಳೂ ನೆಲೆಸಿದರು. 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಇದೇ ಕೋಠಿಯ ಮೇಲೆ ದಾಳಿ ನಡೆಸಿದರು. ದಾಳಿ ವಿಫಲವಾಯಿತು, ಆದರೆ ಇಂದು ಇಲ್ಲಿಯ ರಸ್ತೆಯೊಂದು ತುರ್ರೇಬಾಜ್ ಖಾನರ ಹೆಸರನ್ನು ಹೊತ್ತಿದೆ.

ಪೇಟೆ ಇದ್ದದ್ದು ನಿಜಾಮರ ರಾಜಧಾನಿಯಲ್ಲಿ. ಅಲ್ಲಿ ನಡೆಯುತ್ತಿದ್ದದ್ದು ರೆಸಿಡೆಂಟನ ಆಡಳಿತ. ಈ ವಿಚಿತ್ರ ಸ್ಥಿತಿಯಿಂದ ಅನಿರೀಕ್ಷಿತವಾದ ಒಂದು ಲಾಭವೂ ಆಯಿತು. ಸಭೆ ಸಮಾರಂಭಗಳ ಮೇಲೆ ನಿಜಾಮ್ ಸರ್ಕಾರ ಹೇರಿದ್ದ ನಿರ್ಬಂಧಗಳು ಈ ಗಡಿಯೊಳಗೆ ಅನ್ವಯಿಸುತ್ತಿರಲಿಲ್ಲ. ತೆಲುಗರು 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವನ್ನು ಸ್ಥಾಪಿಸಿದ್ದು ಇಲ್ಲಿಯೇ. ಹಂಪೆಯಿಂದ ಆಳಿದ ಅರಸನ ಹೆಸರಿನ ಆ ಗ್ರಂಥಾಲಯವನ್ನು ಕಂಡಾಗ ನಮಗೆ ನಮ್ಮವರನ್ನೇ ಕಂಡಂತಾಗುತ್ತದೆ.

1933ರಲ್ಲಿ ಬ್ರಿಟಿಷರು ಈ ಪೇಟೆಯನ್ನು ನಿಜಾಮರಿಗೆ ಮರಳಿಸಿದರು. ರೆಸಿಡೆನ್ಸಿ ಬಜಾರ್ ಆಗ ಸುಲ್ತಾನ್ ಬಜಾರ್ ಆಯಿತು. ಪರಕೀಯರ ಗುರುತು ಅಳಿಯಿತೆಂಬುದು ಸಮಾಧಾನದ ಮಾತು. ಆದರೆ ಹೆಸರಿನೊಡನೆ ಕಟ್ಟಳೆಯೂ ಬದಲಾಯಿತು. ಬಾಯಿಬಿಟ್ಟು ಮಾತನಾಡಲು ಇದ್ದ ಒಂದು ಆಸರೆ ತಪ್ಪಿತು. ಬೀದರ್, ಕಲಬುರಗಿ, ರಾಯಚೂರುಗಳಿಂದ ಓದಿಗೋ ನೌಕರಿಗೋ ರಾಜಧಾನಿಗೆ ಬರುತ್ತಿದ್ದ ನಮ್ಮ ಹಿರಿಯರಿಗೂ ಇದು ಸಣ್ಣ ಸಂಗತಿಯಾಗಿರಲಾರದು.

ಸುಲ್ತಾನರೂ ಹೋದರು, ಹೆಸರು ಉಳಿಯಿತು. ಇಂದು ಮೆಟ್ರೋ ನಿಲ್ದಾಣದ ಫಲಕದಲ್ಲಿಯೂ ಅದೇ ಇದೆ. ಕೋಠಿಗೆ 1949ರಲ್ಲಿ ಮಹಿಳಾ ಕಾಲೇಜು ಬಂದಿತು. ಅದು ಈಗ ವಿಶ್ವವಿದ್ಯಾಲಯವಾಗಿದ್ದು, 2024ರಲ್ಲಿ ಅದಕ್ಕೆ ದೇಶಮುಖರ ವಿರುದ್ಧ ತನ್ನ ಹೊಲಕ್ಕಾಗಿ ಹೋರಾಡಿದ ಚಾಕಲಿ ಐಲಮ್ಮನ ಹೆಸರಿಡಲಾಯಿತು. ರೆಸಿಡೆಂಟನ ಬಂಗಲೆಗೆ ಅಗಸರ ಮನೆಯ ಹೆಣ್ಣುಮಗಳ ಹೆಸರು! ಕಾಲದ ತೀರ್ಪು ಕೆಲವೊಮ್ಮೆ ಬಹಳ ಚೆಲುವಾಗಿರುತ್ತದೆ.

ಹೆಸರು ಬದಲಾಗುವುದರ ನೋವು ನಲಿವು ಎರಡನ್ನೂ ನಾವು ಬಲ್ಲೆವು. 2019ರಲ್ಲಿ ನಮ್ಮ ತವರಾದ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಬಸವಣ್ಣನವರ ಕಲ್ಯಾಣ ನಮ್ಮ ಹೆಸರಾದುದು ಹೆಮ್ಮೆಯೇ. ಆದರೂ ನಾವು ಬಾಳುತ್ತಿರುವ ಊರು ನಮ್ಮ ತವರಿನ ಹೆಸರಿನಿಂದ ಜಾರಿಹೋದಾಗ ಮನಸ್ಸು ಒಂದು ಕ್ಷಣ ಪಿಚ್ಚೆಂದಿತು. ತವರನ್ನೂ ಈ ಊರನ್ನೂ ಕೂಡಿಸಿ ಹೇಳುತ್ತಿದ್ದ ಹೆಸರು ಅದೊಂದೇ ಆಗಿತ್ತು. ಫಲಕಗಳನ್ನು ಸರ್ಕಾರಗಳು ಬರೆಸುತ್ತವೆ. ಹಳೆಯ ಹೆಸರು ಏಕಿತ್ತು, ಏಕೆ ಹೋಯಿತು ಎಂಬುದನ್ನು ಮಕ್ಕಳಿಗೆ ಹೇಳುವ ಹೊಣೆ ಮಾತ್ರ ನಮ್ಮದು.